ಕಿಟ್ಟ ಸತ್ತದ್ದು ಹೌದೋ ಅಲ್ಲವೋ

ಸುಳ್ಳಿನಲ್ಲಿ ಎರಡು ಜಾತಿ. ಹೊಟ್ಟೆಪಾಡಿಗೆ ಹೇಳುವುದು ಒಂದು, ಸುಮ್ಮನೆ ಕೂತಲ್ಲಿ ಬಾಯಿಗೆ ಬಂದು ಹೋಗುವುದು ಇನ್ನೊಂದು. ಮೊದಲನೆಯದನ್ನು ದೇವರು ಕ್ಷಮಿಸುತ್ತಾನಂತೆ. ಎರಡನೆಯದಕ್ಕೆ ಏನಾಗುತ್ತದೆ ಎಂಬುದನ್ನು ಪರ್ಕಳದ ಸರ್ವೋತ್ತಮನ ಹತ್ತಿರ ಕೇಳಬೇಕು.

ಎಂಬತ್ತನಾಲ್ಕನೆಯ ಇಸವಿ. ಸರ್ವೋತ್ತಮ ಮಣಿಪಾಲದ ಒಂದು ಖಾಸಗಿ ಹಾಸ್ಟೆಲಿನಲ್ಲಿ ಅಟೆಂಡರ್ ಆಗಿದ್ದ. ಮನೆಯಲ್ಲಿ ಹೆಂಡತಿ ಅಪ್ಪಿ, ಮಗಳು ಮನೋರಮಾ. ಮಗಳಿಗೆ ಇಪ್ಪತ್ತಾರು ತುಂಬಿತ್ತು. ಮೂರು ಸಂಬಂಧಗಳು ಬಾಗಿಲ ತನಕ ಬಂದು ತಿರುಗಿ ಹೋಗಿದ್ದವು. ಯಾಕೆ ಹೋದವು ಎಂದು ಹೋದವರಿಗೂ ಗೊತ್ತಿರಲಿಲ್ಲ. ಮೂರನೆಯವರಂತೂ ಎರಡೆರಡು ಸಲ ಚಹಾ ಕುಡಿದು, “ಹುಡುಗಿ ಚಿನ್ನ” ಎಂದು ಹೊಗಳಿ, ಚಪ್ಪಲಿ ಮೆಟ್ಟುವಾಗ “ಎಂತದೋ ಒಂದು ಸರಿ ಇಲ್ಲ” ಎಂದು ಹೇಳಿ ಹೋದವರು. ಆ ‘ಎಂತದೋ ಒಂದ’ನ್ನು ಹುಡುಕುವುದರಲ್ಲಿ ಅಪ್ಪಿಯ ತಲೆ ಅರ್ಧ ಬೆಳ್ಳಗಾಗಿತ್ತು.

ಹಾಸ್ಟೆಲಿನ ಹದಿನಾಲ್ಕನೆಯ ಕೋಣೆಯಲ್ಲಿ ಉದ್ಯಾವರದ ಲಿಡ್ವಿನ್ ಎಂಬ ಹುಡುಗನಿದ್ದ. ಅವನ ತಂದೆ ಬಹರೈನಿನಿಂದ ಬರುವಾಗ ಅಮೆರಿಕದವರ ಒಂದು ಆಟ ತಂದುಕೊಟ್ಟಿದ್ದರು. ಅದಕ್ಕೆ ಮಣೆಯಿಲ್ಲ, ಕಾಯಿಯಿಲ್ಲ, ಇಸ್ಪೀಟಿನ ಎಲೆಯೂ ಇಲ್ಲ. ಒಬ್ಬ ಕಥೆ ಹೇಳಬೇಕು. ಉಳಿದವರು ಕಾಗದದ ಮೇಲೆ ತಲಾ ಒಬ್ಬ ಆಳನ್ನು ಹುಟ್ಟಿಸಿ, ಅವನೇ ತಾನು ಎಂಬಂತೆ ಮಾತಾಡಬೇಕು. “ನಿನ್ನ ಎದುರು ಗುಹೆ. ಒಳಗಿಂದ ಒಂದು ಬಂತು. ಎಂತ ಮಾಡ್ತಿ?” ಎಂದರೆ “ಕತ್ತಿ ಬೀಸ್ತೇನೆ” ಎನ್ನಬೇಕು. ಏಟು ಬಿತ್ತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ಹೇಳುತ್ತದೆ. ಚಹಾ ಕೊಡಲು ಹೋದ ಸರ್ವೋತ್ತಮನಿಗೆ ನಿಂತಲ್ಲೇ ಅರ್ಥವಾಯಿತು: ಇದು ದಾಳ ಹಾಕುವ ತಾಳಮದ್ದಳೆ.

ಆದರೆ ಆಟದ ಪುಸ್ತಕ ಉದ್ಯಾವರದಲ್ಲಿ ಲಿಡ್ವಿನ್ನನ ಅಜ್ಜಿಯ ಕಪಾಟಿನಲ್ಲಿ ಒಂದು ಮಳೆಗಾಲ ಕಳೆದು ಬಂದಿತ್ತು. ಹೊಡೆಯುವ ನಿಯಮಗಳಿದ್ದ ಪುಟಗಳು ಉಳಿದಿದ್ದವು. ತಡೆಯುವ ನಿಯಮಗಳಿದ್ದ ಪುಟಗಳನ್ನು ಗೆದ್ದಲು ತಿಂದಿತ್ತು. ಹಾಗಾಗಿ ಆಟ ಶುರುವಾದ ಅರ್ಧ ಗಂಟೆಯಲ್ಲಿ ಎಲ್ಲರೂ ಸತ್ತು, ಸತ್ತವರೆಲ್ಲ ಸೇರಿ ಕ್ಯಾಂಟೀನಿಗೆ ಬನ್ಸ್ ತಿನ್ನಲು ಹೋಗುತ್ತಿದ್ದರು.

“ತಡೆಯಲಿಕ್ಕೆ ಗೊತ್ತಿಲ್ಲದವರು ಹೊಡೆಯಲಿಕ್ಕೆ ಹೋಗಬಾರದು ಮಾರಾಯ್ರೆ,” ಎಂದ ಸರ್ವೋತ್ತಮ, ಖಾಲಿ ಗ್ಲಾಸು ಎತ್ತುತ್ತ. “ನಾನು ಏಳು ವರ್ಷ ಯಕ್ಷಗಾನ ಮೇಳದಲ್ಲಿದ್ದವ. ಎಷ್ಟು ಯುದ್ಧ! ಮೈಗೆ ಒಂದು ಏಟು ಬಿದ್ದದ್ದಿಲ್ಲ.”

ಮೇಳದಲ್ಲಿದ್ದದ್ದು ಹೌದು. ಏಟು ಬೀಳದಿದ್ದದ್ದೂ ಹೌದು. ಅವನು ಅಲ್ಲಿ ವೇಷದ ಪೆಟ್ಟಿಗೆ ಹೊರುತ್ತಿದ್ದ.

“ಹಾಗಾದರೆ ನೀವೇ ಬರೆದುಕೊಡಿ ಸರ್ವೋತ್ತಮಣ್ಣ,” ಎಂದ ಲಿಡ್ವಿನ್. “ನಿಯಮ ನಿಮ್ಮದು. ನೀವು ಹೇಳಿದ ಮೇಲೆ ನಮ್ಮದು ಎರಡು ಮಾತಿಲ್ಲ.”

ನಾಲ್ಕನೆಯ ಕ್ಲಾಸಿನ ನಂತರ ಸರ್ವೋತ್ತಮನ ಕೈಯಿಂದ ಯಾರೂ ಏನನ್ನೂ ಬರೆಸಿರಲಿಲ್ಲ. ಅವನು ಅದೇ ಸಂಜೆ ಎಂಬತ್ತು ಪುಟದ ನೋಟ್‌ಬುಕ್ ಕೊಂಡ.

ಬರೆಯಲು ಸಿಕ್ಕಿದ ಹೊತ್ತು ನಡುಮಧ್ಯಾಹ್ನ. ಹುಡುಗರೆಲ್ಲ ಕ್ಲಾಸಿಗೆ ಹೋಗಿ, ಉದ್ದ ಜಗಲಿಯ ನಲವತ್ತು ಬಾಗಿಲುಗಳೂ ಮುಚ್ಚಿರುತ್ತಿದ್ದವು. ಆ ಹೊತ್ತಿನಲ್ಲಿ ಒಬ್ಬನೇ ಓಡಾಡಬಾರದು ಎಂದು ಹಿರಿಯರು ಹೇಳುತ್ತಾರೆ. ನಿಯಮ ಬರೆಯಬಾರದು ಎಂದು ಯಾರೂ ಹೇಳಿರಲಿಲ್ಲ.

ಮನುಷ್ಯ ಏಟಿನಿಂದ ಉಳಿಯುವುದು ಮೂರು ದಾರಿಯಲ್ಲಿ ಎಂದು ಅವನು ಬರೆದ. ತಡೆಯುವುದು, ತಪ್ಪಿಸುವುದು, ತಾಳುವುದು. ತಡೆಯಲು ಎಡಗೈಯಲ್ಲಿ ಗುರಾಣಿ ಬೇಕು. ಮೂರು ಏಟಿಗೆ ಗುರಾಣಿ ಒಡೆಯುತ್ತದೆ. ತಾಳುವವನು ಆ ಸಲ ತಿರುಗಿ ಹೊಡೆಯಬಾರದು. ಸುಮ್ಮನಿದ್ದರೆ ಅರ್ಧ ನೋವು ಮಾತ್ರ. ಇದನ್ನು ಬರೆಯಲು ಅವನು ಮೇಳವನ್ನಲ್ಲ, ಮೂವತ್ತು ವರ್ಷದ ಸಂಸಾರವನ್ನು ನೆನೆಸಿಕೊಂಡ. ಕಷ್ಟವಾದದ್ದು ತಪ್ಪಿಸುವುದು. ಎಲ್ಲರೂ ತಪ್ಪಿಸುತ್ತಲೇ ಇದ್ದರೆ ಯುದ್ಧ ಮುಗಿಯುವುದು ಯಾವಾಗ? ಎರಡು ದಿನ ತಲೆ ಕೆರೆದು, ತಪ್ಪಿಸಿದವನು ಒಂದು ಹೆಜ್ಜೆ ಹಿಂದೆ ಸರಿಯಬೇಕು, ಬೆನ್ನು ಗೋಡೆಗೆ ತಾಗಿದ ಮೇಲೆ ತಪ್ಪಿಸಲಿಕ್ಕಿಲ್ಲ ಎಂದು ಬರೆದ.

ಬರೆದದ್ದನ್ನು ನಡೆದು ನೋಡಬೇಕಲ್ಲ. ಜಗಲಿಯ ತುದಿಯಲ್ಲಿ ನಿಂತು, ಊಟದ ತಟ್ಟೆಯನ್ನು ಎಡಗೈಯಲ್ಲಿ ಗುರಾಣಿಯ ಹಾಗೆ ಹಿಡಿದು, ಒಂದೊಂದೇ ಹೆಜ್ಜೆ ಹಿಂದೆ ಹಾಕಿದ. ಗೋಡೆಗೆ ನಾಲ್ಕು ಹೆಜ್ಜೆ, ಮೊದಲೇ ಅಳೆದಿದ್ದ. ಒಂದು. ಎರಡು. ಮೂರನೆಯ ಹೆಜ್ಜೆಗೆ ಬೆನ್ನು ತಾಗಿತು.

ತಾಗಿದ್ದು ಗೋಡೆಯ ಹಾಗೆ ತಣ್ಣಗಿರಲಿಲ್ಲ. ಬೆಚ್ಚಗಿತ್ತು.

ಸರ್ವೋತ್ತಮ ತಿರುಗಿ ನೋಡಿದ. ಯಾರೂ ಇಲ್ಲ. ಗೋಡೆ ಒಂದು ಹೆಜ್ಜೆ ಆಚೆ ತನ್ನ ಪಾಡಿಗೆ ನಿಂತಿತ್ತು. ಬೇರೆ ಯಾರಾದರೂ ಆಗಿದ್ದರೆ ತಟ್ಟೆ ಬಿಸಾಡಿ ಓಡುತ್ತಿದ್ದರು. ಸರ್ವೋತ್ತಮ ನೋಟ್‌ಬುಕ್ ತೆರೆದು ಬರೆದ: ‘ಹಿಂದೆ ಯಾರಾದರೂ ಇದ್ದರೆ ಹಿಂದೆ ಸರಿಯಲಿಕ್ಕಿಲ್ಲ.’ ಹೊಸ ಕೆಲಸದ ಹುರುಪು ಅಂಥದ್ದು. ಬೆವರಿದ್ದು ಆಮೇಲೆ, ಬಸ್ಸಿನಲ್ಲಿ.

ಹುಡುಗರು ನಿಯಮ ಓದಿ ಕುಣಿದರು. “ನೀವೂ ಒಬ್ಬ ಆಳನ್ನು ಮಾಡಲೇಬೇಕು” ಎಂದು ಕೂರಿಸಿದರು. ಸರ್ವೋತ್ತಮ ಬರೆದ: ಹೆಸರು ಕಿಟ್ಟ. ಪ್ರಾಯ ಇಪ್ಪತ್ತೆರಡು. ಮದುವೆ ಆಗಿಲ್ಲ. ಎಡಗೈಯಲ್ಲಿ ಗುರಾಣಿ. ಊರು ಎಂಬಲ್ಲಿ ಪೆರ್ಡೂರು ಎಂದು ಬರೆದ, ಯಾಕೆಂದರೆ ಆಗ ತಾನೇ ಕೆಳಗೆ ಪೆರ್ಡೂರಿನ ಬಸ್ಸು ಹಾರ್ನ್ ಹೊಡೆದಿತ್ತು. ಸರ್ವೋತ್ತಮನ ತಾಯಿಯ ತವರೂ ಅಲ್ಲೇ.

ಮೂರು ಆದಿತ್ಯವಾರ ಕಿಟ್ಟ ಎಲ್ಲರನ್ನೂ ಉಳಿಸಿದ. ಯಾರ ಮೇಲೆ ಏಟು ಬಂದರೂ ಸರ್ವೋತ್ತಮನ ಬಾಯಿಂದ “ಕಿಟ್ಟ ಮುಂದೆ ಬಂದ” ಎಂದೇ ಬರುತ್ತಿತ್ತು. ನಾಲ್ಕನೆಯ ಆದಿತ್ಯವಾರ ಆಟದ ಆಳುಗಳೆಲ್ಲ ಒಂದು ಬಾಗಿಲಿನಲ್ಲಿ ಸಿಕ್ಕಿಬಿದ್ದರು. ಕಿಟ್ಟನ ಹಿಂದೆ ಲಿಡ್ವಿನ್ನನ ಆಳು ಗಾಯವಾಗಿ ಬಿದ್ದಿದ್ದ. ಗುರಾಣಿ ಒಡೆಯಿತು. ಮತ್ತೊಂದು ಏಟು ಬಂತು. ದಾಳ ಉರುಳಿತು. ಕಿಟ್ಟ ಸತ್ತ.

“ಪರವಾಗಿಲ್ಲ ಸರ್ವೋತ್ತಮಣ್ಣ, ಇನ್ನೊಬ್ಬನನ್ನು ಮಾಡುವ,” ಎಂದರು ಹುಡುಗರು. ಅವನು ಗ್ಲಾಸು ಎತ್ತದೆ ಹೋದ.

ಮರುದಿನ ರಜೆ ಹಾಕಿದ. ಮಧ್ಯಾಹ್ನ ಉಂಡು ಮಲಗಿದವನು ನಿದ್ದೆಯಲ್ಲಿ “ಕಿಟ್ಟಾ, ಬಾಗಿಲು ಬಿಡಬೇಡ!” ಎಂದು ಕೂಗಿ ಎದ್ದು ಕೂತ. ಅಪ್ಪಿ ಅಡಿಗೆಕೋಣೆಯಿಂದ ಓಡಿ ಬಂದಳು.

“ಕಿಟ್ಟ ಯಾರು?”

ಐವತ್ತೆರಡರ ಪ್ರಾಯದಲ್ಲಿ ಹುಡುಗರೊಟ್ಟಿಗೆ ದಾಳ ಹಾಕುತ್ತೇನೆ ಎಂದು ಯಾವ ಗಂಡ ಹೇಳುತ್ತಾನೆ? “ಸತ್ತವ. ಬಿಡು,” ಎಂದ.

“ನಿಮಗೆ ಎಂತ ಆಗಬೇಕು?”

“ನನ್ನವನೇ. ಪೆರ್ಡೂರಿನವ.”

“ಎಷ್ಟು ಪ್ರಾಯ?”

“ಇಪ್ಪತ್ತೆರಡು.”

“ಮದುವೆ?”

“ಆಗಿರಲಿಲ್ಲ.”

ಅಪ್ಪಿ ಮೆಲ್ಲಗೆ ನೆಲಕ್ಕೆ ಕೂತಳು. ಅವಳ ಮುಖದಲ್ಲಿ ದುಃಖ ಇರಲಿಲ್ಲ. ವರ್ಷಗಟ್ಟಲೆ ಹುಡುಕಿದ ಬೀಗದಕೈ ಸೊಂಟದಲ್ಲೇ ಸಿಕ್ಕಿದವಳ ಮುಖ ಅದು.

ನಮ್ಮ ಕಡೆಯ ಪದ್ಧತಿ ಹಾಗೆ. ಮದುವೆಯಾಗದೆ ಸತ್ತವನು ಕುಲೆಯಾಗಿ, ಅಂದರೆ ಪ್ರೇತವಾಗಿ, ಮನೆಯಲ್ಲೇ ಉಳಿಯುತ್ತಾನೆ, ವರ್ಷ ಕಳೆದಂತೆ ಬೆಳೆಯುತ್ತಾನೆ, ಅವನಿಗೊಂದು ಮದುವೆಯಾಗದೆ ಕಿರಿಯರ ಮದುವೆಗೆ ಬಿಡುವುದಿಲ್ಲ. ಇನ್ನೊಂದು ಮನೆಯಲ್ಲಿ ಹಾಗೆಯೇ ತೀರಿಕೊಂಡ ಹುಡುಗಿಯನ್ನು ಹುಡುಕಿ, ಮಳೆಗಾಲದ ಆಟಿ ತಿಂಗಳಲ್ಲಿ ಇಬ್ಬರಿಗೂ ಧಾರೆಯೆರೆದು ಮದುವೆ ಮಾಡಬೇಕು.

“ಮೊದಲೇ ಹೇಳಲಿಕ್ಕೆ ನಿಮಗೆ ಎಂತ ಆಗಿತ್ತು?” ಎಂದು ಅಪ್ಪಿ ಅತ್ತಳು, ಬೈದಳು, ಕಾರ್ಕಳದಲ್ಲಿದ್ದ ತಮ್ಮ ತಾರಾನಾಥನಿಗೆ ಫೋನು ಮಾಡಲು ಪೋಸ್ಟಾಫೀಸಿಗೆ ಓಡಿದಳು.

ತಾರಾನಾಥ ಸರಕಾರಿ ಕಚೇರಿಯ ಗುಮಾಸ್ತ. ಯಾವ ಸಂಗತಿಯೂ ಕಡತದಲ್ಲಿ ಸಿಗದೆ ಇರುವುದಿಲ್ಲ ಎಂದು ನಂಬಿದವನು. ಒಂದೇ ವಾರದಲ್ಲಿ ಪೆರ್ಡೂರಿಗೆ ಹೋಗಿ ಬಂದು ಜಗಲಿಯಲ್ಲಿ ಕಾಲು ಚಾಚಿದ. “ಸಿಕ್ಕಿದ ಭಾವ! ಮೂವರು ಕಿಟ್ಟಂದಿರು ಸಿಕ್ಕಿದರು. ಇಬ್ಬರು ಬದುಕಿದ್ದಾರೆ, ಅದರಲ್ಲಿ ಒಬ್ಬ ನನಗೆ ಬೈದು ಕಳಿಸಿದ. ಹಾಗಾಗಿ ಮೂರನೆಯವನೇ ನಮ್ಮವ. ನಿಮ್ಮ ಅಮ್ಮನ ತಮ್ಮ.”

“ನನ್ನ ಅಮ್ಮನಿಗೆ ತಮ್ಮನೇ ಇರಲಿಲ್ಲ.”

“ಇರಲಿಲ್ಲ ಎಂದು ಯಾರು ಹೇಳಿದ್ದು? ದಾಖಲೆ ಉಂಟಾ?”

ಇರಲಿಲ್ಲ ಎನ್ನುವುದಕ್ಕೆ ದಾಖಲೆ ಯಾರಲ್ಲಿರುತ್ತದೆ? ಸರ್ವೋತ್ತಮ ಸುಮ್ಮನಾದ. ಅವನದೇ ನಿಯಮ: ತಾಳುವವನು ತಿರುಗಿ ಹೊಡೆಯಬಾರದು.

ಸುದ್ದಿ ಬೇಲಿ ದಾಟಿತು. ಪಕ್ಕದ ಮನೆಯ ಇಮೆಲ್ಡಾ ಬಾಯಿ ಬಂದು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. “ಅಪ್ಪಿ, ನನಗೆ ಗೊತ್ತಿತ್ತು. ಮೊನ್ನೆ ಮಧ್ಯಾಹ್ನ ನಿಮ್ಮ ಬಾಗಿಲಲ್ಲಿ ಒಬ್ಬ ನಿಂತಿದ್ದ. ನೀನು ಮನೆಯಲ್ಲಿರಲಿಲ್ಲ. ನೆಂಟರೇನೋ ಎಂದು ‘ಬಿಸಿಲಲ್ಲಿ ನಿಲ್ಲಬೇಡ ಪುತಾ, ಒಳಗೆ ಬಂದು ಕೂತ್ಕೊ’ ಎಂದೆ. ಮಾತೇ ಆಡಲಿಲ್ಲ. ಒಳ್ಳೆ ಹುಡುಗ, ಮರ್ಯಾದಿಸ್ಥ.”

ಇಮೆಲ್ಡಾ ಬಾಯಿಗೆ ಕಣ್ಣು ಮಂಜು ಎಂದು ಸರ್ವೋತ್ತಮ ತನಗೆ ತಾನೇ ಮೂರು ಸಲ ಹೇಳಿಕೊಂಡ.

ಇನ್ನು ತಡಮಾಡುವುದು ಬೇಡವೆಂದು ಕಾಪುವಿನ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ಜೋಯಿಸರು ಕವಡೆ ಸರಿಸಿ, ಕಣ್ಣು ಮುಚ್ಚಿ ಹೇಳತೊಡಗಿದರು. “ಒಬ್ಬ ಗಂಡು. ಪ್ರಾಯದವ. ಬಾಗಿಲಲ್ಲಿ ನಿಂತಿದ್ದಾನೆ. ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. ಎಡಗೈ ಮುಂದೆ ಚಾಚಿದ್ದಾನೆ. ಕೈಯಲ್ಲಿ ಎಂತದೋ ಉಂಟು. ಗುಂಡಗೆ. ತಟ್ಟೆಯ ಹಾಗೆ.”

ಸರ್ವೋತ್ತಮನ ಕಾಲಿನ ಬೆರಳುಗಳು ತಣ್ಣಗಾದವು. ಎಡಗೈಯ ವಿಷಯ ನೋಟ್‌ಬುಕ್ಕಿನಲ್ಲಿ ಬಿಟ್ಟರೆ ಎಲ್ಲಿಯೂ ಇರಲಿಲ್ಲ, ನೋಟ್‌ಬುಕ್ ಹಾಸ್ಟೆಲಿನಲ್ಲಿತ್ತು.

“ತಟ್ಟೆ!” ಎಂದು ತಾರಾನಾಥ ತೊಡೆ ತಟ್ಟಿದ. “ಕೇಳಿದಿರಾ ಭಾವ? ಊಟಕ್ಕೆ ತಟ್ಟೆ ಹಿಡಿದು ನಿಂತಿದ್ದಾನೆ ಪಾಪ! ಹಸಿವು!”

ಅಪ್ಪಿ ಸೆರಗು ಬಾಯಿಗೆ ಒತ್ತಿಕೊಂಡಳು. ಮಾತು ಹೋಗುವ ದಿಕ್ಕು ನೋಡಿ ಜೋಯಿಸರೂ “ಹಸಿವೂ ಉಂಟು” ಎಂದು ಸೇರಿಸಿದರು.

ಹೆಣ್ಣನ್ನು ಹುಡುಕುವುದು ಕಷ್ಟವಾಗಲಿಲ್ಲ. ಕಾಪುವಿನಲ್ಲೇ ಬೂಬ ಎಂಬವನಿದ್ದ, ಬಲೆ ಹೆಣೆಯುವವನು. ಅವನ ಮಗಳು ಗುಲಾಬಿ ನಾಲ್ಕು ವರ್ಷದವಳಿದ್ದಾಗ ಜ್ವರದಲ್ಲಿ ಹೋಗಿದ್ದಳು. ಹದಿನೇಳು ವರ್ಷ ಹಿಂದಿನ ಮಾತು. ಅಂದರೆ ಈಗ ಅವಳಿಗೆ ಇಪ್ಪತ್ತೊಂದು. “ಹುಡುಗಿಗೆ ಇಪ್ಪತ್ತೊಂದು, ಹುಡುಗನಿಗೆ ಇಪ್ಪತ್ತೆರಡು, ಹೇಳಿ ಮಾಡಿಸಿದ ಹಾಗೆ!” ಎಂದು ತಾರಾನಾಥ ಕುಣಿದ. ಅವನದೇ ದಾಖಲೆಯ ಪ್ರಕಾರ ಅಮ್ಮನ ತಮ್ಮ ಈಗ ಎಪ್ಪತ್ತರ ಮುದುಕನಾಗಿರಬೇಕಿತ್ತು. ಅದನ್ನು ಯಾರೂ ಕೇಳಲಿಲ್ಲ. ಸಂಬಂಧ ಕೂಡಿ ಬರುವಾಗ ಲೆಕ್ಕ ಕೇಳುವವನು ಶತ್ರು.

ಬೂಬ ಮನೆ ನೋಡಲು ಬಂದ. ಒಣಗಿದ, ಸಣ್ಣ ದನಿಯ ಮನುಷ್ಯ. ಅಪ್ಪಿ ಚಹಾ ಮಾಡಲು ಒಳಗೆ ಹೋದಾಗ ಅವನು ಸರ್ವೋತ್ತಮನ ಪಕ್ಕಕ್ಕೆ ಸರಿದು ಕೂತ.

“ಒಂದು ಕೇಳಬೇಕಿತ್ತು ಸರ್ವೋತ್ತಮಣ್ಣ. ಹುಡುಗ ಎಂಥವ?”

ಹೇಳಿಬಿಡುವ ಎಂದು ಸರ್ವೋತ್ತಮನಿಗೆ ಅನಿಸಿತು. “ಬೂಬಣ್ಣ, ನಿಜ ಹೇಳ್ತೇನೆ. ಈ ಕಿಟ್ಟ ಎನ್ನುವವ ಇರುವುದು ಕಾಗದದ ಮೇಲೆ ಮಾತ್ರ.”

ಬೂಬ ಹೆಗಲ ಮೇಲಿದ್ದ ಬೈರಾಸು ತೆಗೆದು ತೊಡೆಯ ಮೇಲೆ ಮಡಚಿದ. “ನಮ್ಮ ಗುಲಾಬಿಯೂ ಈಗ ಕಾಗದದ ಮೇಲೆ ಮಾತ್ರ ಅಲ್ವಾ? ರೇಷನ್ ಕಾರ್ಡಿನಿಂದ ಅವಳ ಹೆಸರು ತೆಗೆಸಲಿಕ್ಕೆ ನನಗೆ ಕೈ ಬರಲಿಲ್ಲ. ಅವಳ ಪಾಲಿನ ಸಕ್ಕರೆ ಬರುತ್ತದೆ. ಹಬ್ಬಕ್ಕೆ ಅವಳ ಎಲೆಗೆ ಪಾಯಸ ಮಾಡ್ತೇವೆ.” ಮತ್ತೆ ಕೇಳಿದ, “ಹುಡುಗ ಎಂಥವ, ಹೇಳಿ. ಅವಳು ಸಣ್ಣದಿರುವಾಗ ಗುಡುಗಿಗೆ ತುಂಬ ಹೆದರುತ್ತಿದ್ದಳು.”

ಸರ್ವೋತ್ತಮ ಹೇಳಿದ. “ಹೆದರುವವರ ಮುಂದೆ ಹೋಗಿ ನಿಲ್ಲುವವ. ತನ್ನ ಹಿಂದೆ ಯಾರಾದರೂ ಇದ್ದರೆ ಹಿಂದೆ ಸರಿಯುವವನಲ್ಲ. ಅದರಿಂದಲೇ ಸತ್ತ.”

“ಹಾಗಾದರೆ ಸಾಕು,” ಎಂದು ಬೂಬ ಬೈರಾಸಿನಿಂದ ಮುಖ ಒರೆಸಿಕೊಂಡ.

ಆಟಿ ತಿಂಗಳ ಒಂದು ಸೋಮವಾರ, ಹಗಲು ಹನ್ನೆರಡಕ್ಕೆ ಮದುವೆ. ಮದುವೆಯಾಗದವರು ಇಂಥದ್ದನ್ನು ನೋಡಬಾರದೆಂದು ಮನೋರಮಾಳನ್ನು ಇಮೆಲ್ಡಾ ಬಾಯಿಯ ಮನೆಗೆ ಕಳಿಸಿದ್ದರು. ಚಾವಡಿಯಲ್ಲಿ ಎರಡು ಮಣೆ. ಒಂದರ ಮೇಲೆ ಪಂಚೆ, ಶರ್ಟು. ಇನ್ನೊಂದರ ಮೇಲೆ ಹಸಿರು ಸೀರೆ, ಬಳೆ, ಕಾಪುವಿನಿಂದ ಬೂಬ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ಮಲ್ಲಿಗೆ. ಬಂದವರು ಮಾತಾಡುತ್ತಿರಲಿಲ್ಲ. ಗಾಳಿಯಿಲ್ಲದೆಯೂ ಪಂಚೆಯ ಅಂಚು ಆಗಾಗ ಅಲುಗುತ್ತಿತ್ತು. ಯಾರೂ ಅದರ ಕಡೆ ಬೆರಳು ತೋರಿಸಲಿಲ್ಲ.

ಹಾರ ಹಾಕಿ ಆಯಿತು. ಧಾರೆಯ ಗಿಂಡಿ ಬೂಬನ ಕೈಗೆ ಬಂತು. ಆಗ ಅಂಗಳದಲ್ಲಿ ಚಪ್ಪಲಿಯ ಸದ್ದು.

“ಸರ್ವೋತ್ತಮಣ್ಣಾ!” ಲಿಡ್ವಿನ್ ಓಡೋಡಿ ಬಂದು ಮೆಟ್ಟಿಲಲ್ಲಿ ನಿಂತ. ಮುಖದಲ್ಲಿ ಹಬ್ಬ, ಕೈಯಲ್ಲಿ ನೋಟ್‌ಬುಕ್. “ಸರ್ವೋತ್ತಮಣ್ಣ, ಕಿಟ್ಟ ಸಾಯಲಿಲ್ಲ!”

ಗಿಂಡಿಯ ನೀರು ನೆಲಕ್ಕೆ ತುಳುಕಿತು.

“ಯಾರ್ರೀ ಇವ?” ಎಂದು ತಾರಾನಾಥ ಎದ್ದ. “ನಿನಗೆ ಮದುವೆ ಆಗಿದೆಯಾ?”

“ಇಲ್ಲ,” ಎಂದ ಲಿಡ್ವಿನ್, ಪ್ರಶ್ನೆ ಅರ್ಥವಾಗದೆ.

“ಹಾಗಾದರೆ ಕಣ್ಣು ಮುಚ್ಚು! ಕಣ್ಣು ಮುಚ್ಚಿಕೊಂಡು ಹೇಳು, ಎಂತ ಸಾಯಲಿಲ್ಲ?”

ಲಿಡ್ವಿನ್ ಕಣ್ಣು ಮುಚ್ಚಿದ. “ಕಿಟ್ಟ. ನಾವು ಲೆಕ್ಕ ತಪ್ಪಿದ್ದು. ಅವ ಒಂದು ಹೆಜ್ಜೆ ಹಿಂದೆ ಸರಿದಿದ್ದರೆ ಏಟು ತಪ್ಪುತ್ತಿತ್ತು. ನಿನ್ನೆ ಎಲ್ಲರೂ ಕೂತು ಒಪ್ಪಿದೆವು. ಈಗ ಅವ ಬದುಕಿದ್ದಾನೆ.”

ಚಾವಡಿಯಲ್ಲಿ ಗದ್ದಲವೆದ್ದಿತು. ಬದುಕಿದ್ದವನಿಗೆ ಸತ್ತವಳನ್ನು ಕೊಡುವುದೆಂದರೇನು? ಒಬ್ಬರು ಹಾರ ತೆಗೆಯಿರಿ ಎಂದರು. ಇನ್ನೊಬ್ಬರು, ಹಾಕಿದ ಹಾರ ತೆಗೆದರೆ ಹುಡುಗಿ ಸುಮ್ಮನಿರುತ್ತಾಳಾ ಎಂದರು. “ಬದುಕಿದ್ದರೆ ಎಲ್ಲಿದ್ದಾನೆ? ವಿಳಾಸ ಬರೆಸಿ!” ಎಂದು ತಾರಾನಾಥ ಕಿಸೆಯಿಂದ ಪೆನ್ನು ತೆಗೆದ. ಅಪ್ಪಿ ಕಂಬ ಹಿಡಿದು ನಿಂತು, ನಾಲ್ಕನೆಯ ಸಂಬಂಧವೂ ಬಾಗಿಲಿನಿಂದ ತಿರುಗಿ ಹೋಗುವುದನ್ನು ಕಣ್ಣೆದುರೇ ನೋಡುತ್ತಿದ್ದಳು. ಬೂಬ ಮಾತ್ರ ಯಾರ ಕಡೆಗೂ ನೋಡಲಿಲ್ಲ. ಗಿಂಡಿ ಹಿಡಿದುಕೊಂಡೇ ಹಸಿರು ಸೀರೆಯ ಮಣೆಯ ಹತ್ತಿರಕ್ಕೆ ಸರಿದು, ಮಗುವಿಗೆ ಅಡ್ಡವಾಗುವವನ ಹಾಗೆ ನಿಂತಿದ್ದ.

ಕಿಟ್ಟ ಬದುಕಿದ್ದಾನೆ ಎಂಬ ಒಂದು ಮಾತಿಗೆ ಸರ್ವೋತ್ತಮ ಐದು ಆದಿತ್ಯವಾರ ಕಾದಿದ್ದ. ಅದು ಬಂತು, ಬರಬಾರದ ಹೊತ್ತಿನಲ್ಲಿ ಬಂತು.

“ಲಿಡ್ವಿನ್,” ಎಂದ ಮೆಲ್ಲಗೆ. “ಅವನ ಹಿಂದೆ ಯಾರಿದ್ದರು?”

“ಹಿಂದೆ... ನಾನು.”

“ಗಾಯ ಆಗಿತ್ತಲ್ಲ ನಿಮಗೆ?”

“ಹೌದು.”

“ಹಾಗಾದರೆ ಅವ ಎಲ್ಲಿಗೆ ಸರಿಯುವುದು?”

ಲಿಡ್ವಿನ್ ಕಣ್ಣು ತೆರೆದ. ನೋಟ್‌ಬುಕ್ಕನ್ನು ಬೆನ್ನ ಹಿಂದೆ ಸರಿಸಿದ.

“ನಿಯಮ ನನ್ನದು,” ಎಂದ ಸರ್ವೋತ್ತಮ. ಅವನ ದನಿ ಅವನಿಗೇ ಬೇರೆಯವರ ದನಿಯ ಹಾಗೆ ಕೇಳಿಸಿತು. “ಅವ ಸರಿಯಲಿಲ್ಲ. ಸತ್ತಿದ್ದಾನೆ. ನಾನು ಕಣ್ಣಾರೆ ನೋಡಿದ್ದೇನೆ. ಧಾರೆ ಎರೆಯಿರಿ ಬೂಬಣ್ಣ.”

ನೀರು ಬಿತ್ತು. ಪಂಚೆಯ ಅಂಚು ಅಲುಗುವುದು ನಿಂತಿತು. ಆ ದಿನ ಕೋಳಿ, ಕೊಟ್ಟೆ ಕಡುಬಿನ ಊಟ. ಲಿಡ್ವಿನ್ನನಿಗೂ ಹೊರಗಿನ ಜಗಲಿಯಲ್ಲಿ, ಗೋಡೆಯ ಕಡೆ ಮುಖ ಮಾಡಿಸಿ ಬಡಿಸಿದರು.

ಆಟಿ ಕಳೆದು ಸೋಣ ತಿಂಗಳಲ್ಲಿ ಮನೋರಮಾಳಿಗೆ ಕಾರ್ಕಳದಿಂದ ಸಂಬಂಧ ಬಂತು. ಹುಡುಗ ಶಾಲೆಯ ಮಾಸ್ತರ. ಚಹಾ ಕುಡಿದರು, ಚಪ್ಪಲಿ ಮೆಟ್ಟಿದರು, ಎಂತದೂ ಹೇಳದೆ ಹೋದರು. ಮರುವಾರ ಒಪ್ಪಿಗೆಯ ಕಾಗದ ಬಂತು. ತಾರಾನಾಥ ಅದನ್ನು ಕಡತಕ್ಕೆ ಸೇರಿಸಿದ.

ಮದುವೆಯ ಮುಂಚಿನ ದಿನ, ಮಧ್ಯಾಹ್ನ, ಮನೆಯ ಸತ್ತವರಿಗೆಲ್ಲ ಬಡಿಸುವ ಕ್ರಮ. ಒಳಕೋಣೆಯಲ್ಲಿ ಸಾಲಾಗಿ ಎಲೆ ಹಾಕಿ, ಅನ್ನ ಪದಾರ್ಥ ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತರು. ಸ್ವಲ್ಪ ಹೊತ್ತು ಬಿಟ್ಟು ಅಪ್ಪಿ ಬಾಗಿಲು ತಟ್ಟಿ ತೆರೆದಳು. ಎಲ್ಲ ಎಲೆಗಳಲ್ಲೂ ಅನ್ನ ಒಂದಿಷ್ಟು ಕದಡಿತ್ತು. ಗುಲಾಬಿಯ ಎಲೆಯಲ್ಲಿ ಪಾಯಸ ಕಡಿಮೆಯಾಗಿತ್ತು. ಕಿಟ್ಟನ ಎಲೆ ಮಾತ್ರ ಬಡಿಸಿದ ಹಾಗೆಯೇ ಇತ್ತು. ಒಂದು ಅಗುಳೂ ಅತ್ತಿತ್ತ ಆಗಿರಲಿಲ್ಲ.

ಅಪ್ಪಿಯ ಕೈಯಿಂದ ಸೌಟು ಬಿತ್ತು. “ಮುಟ್ಟಲಿಲ್ಲ! ಅವನಿಗೆ ಸಿಟ್ಟು ಉಂಟು. ನಾಳೆ ದಿಬ್ಬಣ ಬರುವಾಗ ಎಂತ ಗತಿ? ಎಂತ ಕಡಿಮೆ ಮಾಡಿದೆವು, ಹೇಳಿ!”

ತಾರಾನಾಥನಿಗೂ ದಾಖಲೆ ತೋಚಲಿಲ್ಲ. ಸರ್ವೋತ್ತಮ ಆ ಎಲೆಯನ್ನೇ ನೋಡುತ್ತ ನಿಂತ. ಆಮೇಲೆ ಬಗ್ಗಿ, ಅನ್ನ ಚೆಲ್ಲದ ಹಾಗೆ ಎರಡು ಕೈಯಲ್ಲಿ ಎಲೆ ಎತ್ತಿದ.

“ಮನೆ ತುಂಬ ಜನ. ಅವ ಒಳಗೆ ಬಂದು ಉಣ್ಣಲಿಕ್ಕೆ ಕೂತರೆ ಬಾಗಿಲಿಗೆ ಯಾರು?” ಎಂದ.

ಎಲೆಯನ್ನು ಹೊರಬಾಗಿಲಿನ ಹೊಸ್ತಿಲ ಮೇಲೆ ಇಟ್ಟ. ಒಂದು ಲೋಟ ನೀರಿಟ್ಟ. ಅಂಗಳಕ್ಕಿಳಿದು, ಬಿಸಿಲಿನಲ್ಲಿ, ಬಾಗಿಲಿಗೆ ಬೆನ್ನು ಹಾಕಿ ನಿಂತ. ಎಲ್ಲರನ್ನೂ ಹಿಂದಿನ ಬಾಗಿಲಿನಿಂದ ಹೊರಗೆ ಕಳಿಸಿದ್ದ. ದೂರದಲ್ಲಿ ಪೆರ್ಡೂರಿನ ಬಸ್ಸು ಏರು ಹತ್ತುವ ಸದ್ದು. ಅದು ನಿಂತ ಮೇಲೆ ಹಿಂದಿನಿಂದ ಬಾಳೆಲೆ ಸಣ್ಣಗೆ ಸರಿದ ಸದ್ದಾಯಿತು.

“ಮುಟ್ಟಿದನಾ?” ಎಂದು ಮನೆಯ ಮೂಲೆಯಿಂದ ಅಪ್ಪಿ ಪಿಸುಗುಟ್ಟಿದಳು.

“ಉಣ್ಣುತ್ತಿದ್ದಾನೆ. ನೀನು ನಾಳೆಯ ಕೆಲಸ ನೋಡು,” ಎಂದ ಸರ್ವೋತ್ತಮ, ಅಂಗಳದ ಆಚೆ ತುದಿಯನ್ನೇ ನೋಡುತ್ತ. ತಡೆಯುವುದಕ್ಕೆ, ತಪ್ಪಿಸುವುದಕ್ಕೆ, ತಾಳುವುದಕ್ಕೆ ಅವನು ನಿಯಮ ಬರೆದಿದ್ದ. ತಿರುಗಿ ನೋಡುವುದಕ್ಕೆ ಬರೆದಿರಲಿಲ್ಲ.